ಎರಡು ಬೆರಳು ಅಂಚು

ಇಪ್ಪತ್ತು ಸಾಕು ಅಂದಿದ್ದರು ಫೋನಿನಲ್ಲಿ.
ಇಪ್ಪತ್ತೊಂದನೆಯದನ್ನು ಯಾರೂ ನೋಡುವುದಿಲ್ಲವಂತೆ.
ಮೂರು ವರ್ಷದ ಭಟ್ಟಿಯ ಹೊಗೆ
ಇಪ್ಪತ್ತು ಹಾಳೆಗೆ ಇಳಿಯಬೇಕು, ಭಾನುವಾರದೊಳಗೆ.

ಮಂಡಿಪೇಟೆಯ ಸ್ಟುಡಿಯೋ ಬಾಗಿಲೆಳೆದು
ಮದುವೆ ಆಲ್ಬಮ್ಮುಗಳನ್ನು ಮೂಲೆಗೆ ಒತ್ತರಿಸಿ
ನೆಲಕ್ಕೆ ಹಳೆಯ ಪಂಚೆ ಹಾಸಿದೆ.
ಹಗಲೆಲ್ಲ ಇದೇ ಕೈ
ಮದುಮಗಳ ಕೆನ್ನೆಗೆ ಬೆಳಕು ಹಚ್ಚುತ್ತದೆ,
ಬೀಗರ ಬೋಳುತಲೆಯ ಹೊಳಪು ಒರೆಸುತ್ತದೆ.
ರಾತ್ರಿ ಅದಕ್ಕೆ
ಏನೂ ಒರೆಸಬೇಡ ಅಂತ ಹೇಳಿಕೊಡಬೇಕು.

ಎಲೆಯಡಿಕೆ ಹೊರಗೆ ಉಗಿದು ವಿಠ್ಠಲಸಾ ಒಳಗೆ ಬಂದರು.
ಅರ್ಧ ಆಯುಷ್ಯ ಕೆಂಪು ದೀಪದಲ್ಲಿ ಕಳೆದು
ಈಗ ಹಗಲಿಗೆ ಕಣ್ಣು ಕಿರಿದು ಮಾಡುವವರು.
ಮೊದಲ ಪ್ರಿಂಟನ್ನು ಟ್ಯೂಬ್‌ಲೈಟಿಗೆ ಓರೆ ಹಿಡಿದು
‘ಕಪ್ಪು ಅಂದ್ರೆ ಮಸಿ ಅಲ್ಲ ತಂಗಿ,
ಅದರೊಳಗೆ ಇನ್ನೂ ಯಾರೋ ಕೂತಿರಬೇಕು.’
ಮತ್ತೆ ತೆಗೆದೆ. ನಾಲ್ಕನೆಯ ಸಲಕ್ಕೆ
ಭಟ್ಟಿಯ ಹಿಂದಿನ ಕತ್ತಲಿಂದ
ಒಂದು ಸೈಕಲ್ ಚಕ್ರ ಹೊರಬಂತು,
ಆಮೇಲೆ ಯಾರದೋ ಹೆಗಲು.
ಹಾಳೆಯೊಂದು ಹಾಳಾದರೆ
ಅರ್ಧ ಚೀಲ ಮಂಡಕ್ಕಿಯ ದುಡ್ಡು. ಲೆಕ್ಕ ಹಾಕಲಿಲ್ಲ.

ಅಂಚು ಎಷ್ಟು ಬಿಡಲಿ?
‘ಎರಡು ಬೆರಳು. ಹಿಡಿಯೋರಿಗೆ ಜಾಗ ಬೇಕಲ್ಲ.
ಚಿತ್ರ ನಿಂದು, ಅಂಚು ನೋಡೋರದು.’

ಯಾವುದು ಮೊದಲು?
ಬೆಂಕಿಯಿಂದ ಶುರುಮಾಡಿದರೆ ಉಳಿದದ್ದೆಲ್ಲ ಬೂದಿ,
ಕೈಯಿಂದ ಶುರುಮಾಡಿದರೆ ಮುಖ ತಡ.
ಪಂಚೆಯ ಸುತ್ತ ಮಂಡಿಯೂರಿ ತೆವಳಿದೆ,
ಅತ್ತಲದ್ದು ಇತ್ತ, ಇತ್ತಲದ್ದು ಅತ್ತ.
ಬೀದಿಯ ಬೆಕ್ಕು ಏಳನೆಯದರ ಮೇಲೆ ಕೂತು
ತನ್ನ ಅಭಿಪ್ರಾಯ ತಿಳಿಸಿತು.

ತೋರಿಸದೆ ಒಯ್ದರೆ ಕದ್ದ ಹಾಗೆ ಅನಿಸಿ
ಶನಿವಾರ ಭಟ್ಟಿಗೆ ಹೋದೆ.
ಜೈತುನ್‌ಬಿ ಜರಡಿ ಕೆಳಗಿಟ್ಟು
ಸೆರಗಿಗೆ ಕೈ ಒರೆಸಿಕೊಂಡಳು, ಎರಡು ಸಲ.
ನನ್ನ ಚೀಲದಲ್ಲಿ ಬಿಳಿಯ ಕೈಗವಸು ಇತ್ತು.
ತೆಗೆಯಲಿಲ್ಲ. ತೆಗೆದು ಹೇಗೆ ಕೊಡಲಿ?
ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ
ಒಂದೊಂದೇ ನೋಡಿದಳು.
ತನ್ನ ಮುಖ ಬಂದಾಗ ಏನೂ ಅನ್ನಲಿಲ್ಲ.
ಹಿಂದಿನ ಮಬ್ಬು ಹೆಗಲಿನತ್ತ ಕತ್ತು ಚಾಚಿ
‘ಇವ ನಮ್ಮ ಗೌಸು. ಹೋಗೋಕ್ಕಿಂತ ಮುಂಚೆ.’
ಅಷ್ಟೇ. ಮರಳು ಕಾದಿತ್ತು. ಎದ್ದಳು.

ಮನೆಗೆ ಬಂದು ನೋಡಿದರೆ
ಹನ್ನೊಂದನೆಯದರ ಅಂಚಿನಲ್ಲಿ
ಹೆಬ್ಬೆಟ್ಟು. ಸುಳಿಸುಳಿಯಾಗಿ, ಮಸಿ ಮತ್ತು ಉಪ್ಪು.
ರಬ್ಬರ್ ತೆಗೆದೆ, ಇಟ್ಟೆ.
ಅರ್ಧ ಬೆರಳು ಕತ್ತರಿಸಿದರೆ ಹೋಗುತ್ತಿತ್ತು,
ಆದರೆ ಮಿಕ್ಕ ಹತ್ತೊಂಬತ್ತನ್ನೂ ಕತ್ತರಿಸಬೇಕು.
ಹೊಸ ಹಾಳೆ ಒಂದೇ ಒಂದು ಉಳಿದಿತ್ತು.
ಅದನ್ನು ಕವರಿನಿಂದ ಹೊರಗೆ ಎಳೆದು
ಮತ್ತೆ ಒಳಗೆ ತೂರಿಸಿದೆ.

ದೃಶ್ಯಕಲಾ ಕಾಲೇಜು. ಉದ್ದದ ಮೇಜು.
ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ.
ನನಗಿಂತ ಮುಂಚಿನ ಹುಡುಗ
ಜೋಗಿಮಟ್ಟಿಯ ನವಿಲು ತಂದಿದ್ದ, ಬಣ್ಣಬಣ್ಣದವು;
ಹೊರಗೆ ಬರುವಾಗ ನನ್ನ ಕಡೆ ನೋಡಲಿಲ್ಲ.

ನೋಡಲು ಬಂದಾಕೆ ದೂರದವರು, ಮಾತು ಕಡಿಮೆ.
ನನ್ನ ಕೈಗವಸು ತೊಟ್ಟು ಬೇಗಬೇಗ ತಿರುವಿದರು.
ಆರನೆಯದು ಬೇಡ ಅಂದರು.
ಏಳನೆಯದರಿಂದ ಬೆಕ್ಕಿನ ಕೂದಲು ಊದಿದರು.
ಒಂಬತ್ತು, ಹದಿನಾಲ್ಕು
ಒಂದೇ ಮಾತನ್ನು ಎರಡು ಸಲ ಆಡುತ್ತವೆ ಅಂದರು.
ನಿಜ. ನನಗೂ ಗೊತ್ತಿತ್ತು,
ಬಿಡಲು ಮನಸ್ಸಾಗಿರಲಿಲ್ಲ.

ಮತ್ತೆ ಹಿಂದಕ್ಕೆ ಬಂದು ಹನ್ನೊಂದಕ್ಕೆ ನಿಂತರು.
ಅವರ ಬಿಳಿಯ ಹೆಬ್ಬೆರಳು
ಸರಿಯಾಗಿ ಆ ಹೆಬ್ಬೆಟ್ಟಿನ ಮೇಲೆ ಕೂತಿತ್ತು.
ಅವರು ಅಂಚು ನೋಡಲೇ ಇಲ್ಲ.
‘ಹಿಂದೆ ನಿಂತಿರೋದು ಯಾರು?’

ಗೌಸು, ಅಂದೆ.
‘ಯಾರು ಗೌಸು?’
ಅಲ್ಲಿಂದಾಚೆಗೆ ನನ್ನ ಬಳಿ ಏನೂ ಇರಲಿಲ್ಲ.
ಮೂರು ವರ್ಷ ಹೋಗಿ ಬಂದಿದ್ದೇನೆ,
ಬೆಳಕು ಕೇಳಿದ್ದೇನೆ, ಹೊಗೆ ಸರಿಯಲಿ ಅಂತ ಕಾದಿದ್ದೇನೆ,
ಎಲ್ಲಿಗೆ ಹೋದ ಅಂತ ಕೇಳಿರಲಿಲ್ಲ.
ಗೋಡೆಯ ಗಡಿಯಾರ ಉಳಿದ ನಾಲ್ಕು ನಿಮಿಷವನ್ನು
ಸದ್ದುಮಾಡಿಯೇ ಮುಗಿಸಿತು.

ಸಂಜೆ ಸ್ಟುಡಿಯೋದಲ್ಲಿ ಪಂಚೆ ಬಿಚ್ಚಿದೆ.
ಕೈಗವಸಿನ ಹೆಬ್ಬೆರಳಿಗೆ
ಒಂಚೂರು ಮಸಿ ಹತ್ತಿತ್ತು.
‘ಎಷ್ಟು ಉಳಿದ್ವು?’ ವಿಠ್ಠಲಸಾ ಕೇಳಿದರು.
ಹದಿನೆಂಟು.
‘ಇನ್ನೆರಡಕ್ಕೆ ಹಾಳೆ ಐತೇನು?’
ಒಂದೈತಿ, ಅಂದೆ.