ಹಿಡಿ ಸ್ಯಾಂಪಲ್

ಸುಂಟಿಕೊಪ್ಪದ ಸಂತೆಬೀದಿಯ ಹಿಂದಿನ ಗೋದಾಮಿನಲ್ಲಿ
ಇಪ್ಪತ್ತಾರು ವರ್ಷದಿಂದ ನನ್ನದು ಒಂದೇ ಕೆಲಸ:
ಮೂಟೆಗೆ ಕೊಳವೆ ಚುಚ್ಚಿ ಹಿಡಿ ಕಾಫಿ ತೆಗೆಯುವುದು,
ಕುಟ್ಟಿ, ಹೊಟ್ಟು ಊದಿ, ಬೇಳೆ ತೂಗಿ
ಇಷ್ಟಕ್ಕೆ ಇಷ್ಟು ಎನ್ನುವುದು.

ಭಾರ ನೋಡಿ ಹೇಳಬಾರದು.
ಹಿಂದಿನ ರಾತ್ರಿ ನೀರು ಚಿಮುಕಿಸಿ ತಂದವರ ಮೂಟೆಯೇ
ತಕ್ಕಡಿಯನ್ನು ಹೆಚ್ಚು ಜಗ್ಗುವುದು.
ಹಲ್ಲಿಗಿಟ್ಟು ಕಚ್ಚಬೇಕು.
ಟಕ್ ಎಂದರೆ ಒಣಗಿದೆ.
ಹಲ್ಲಿನ ಗುರುತು ಕೂತರೆ
ಇನ್ನೂ ನಾಲ್ಕು ದಿನ ಕಣದಲ್ಲಿರಬೇಕಿತ್ತು ಅದು.

ಪಂಚಾಯಿತಿ ಚುನಾವಣೆ.
ಮೊನ್ನೆ ಜೀಪಿನಿಂದಿಳಿದ ನಾಚಪ್ಪ
ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಟ್ಟ.
ಆನೆ? ಒಂದೇ ತಿಂಗಳು, ಕಾಡಿಗಟ್ಟುತ್ತೇನೆ.
ಕಸ? ನಾಳೆ.
ಗುಡ್ಡ ಕಡಿದು ಕಟ್ಟುವ ರೆಸಾರ್ಟು?
ಬರಲಿ ಹಂಸಣ್ಣ, ಹುಡುಗರಿಗೆ ಕೆಲಸ, ಎಂದ.
ಎದುರಂಗಡಿಯಲ್ಲಿ, ತಡೆಯುತ್ತೇನೆ ಎಂದನಂತೆ.
ಕೆಟ್ಟವನಲ್ಲ. ಮದುವೆಗೆ ಮರಣಕ್ಕೆ ಎಲ್ಲರಿಗಿಂತ ಮೊದಲು ಬರುತ್ತಾನೆ.
ಆದರೆ ಕಚ್ಚಿದಲ್ಲೆಲ್ಲ
ಹಲ್ಲಿನ ಗುರುತು.

ನಿನ್ನೆ ನಡೆದುಕೊಂಡು ಬಂದಳು ಬೊಳ್ಳವ್ವ.
ಹಿಂದೊಮ್ಮೆ ಅಧ್ಯಕ್ಷೆ.
ಆ ಕಕ್ಕಡದ ರಾತ್ರಿ ಹನ್ನೊಂದಕ್ಕೆ
ತೋಡಿನ ನೀರು ಕೆಂಪಾದದ್ದು ಕಂಡು,
ಆಮೇಲೆ ಆ ಮಳೆಯಲ್ಲೂ ನೀರೇ ನಿಂತದ್ದು ಕಂಡು,
ಮೇಲಿನ ಕಾಲನಿಯ ಮೂವತ್ತೆಂಟು ಮನೆಗಳ ಬಾಗಿಲು ಬಡಿದವಳು.
ಉಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ
ತಮ್ಮನೂ ನಾನೂ ಹೊತ್ತು ಶಾಲೆಗೆ ಇಳಿದೆವು,
ದಾರಿಯುದ್ದ ಅವಳನ್ನು ಬೈಯುತ್ತ.
ಮೂರು ರಾತ್ರಿ ಸಿಮೆಂಟಿನ ನೆಲ.

ಗುಡ್ಡ ಕುಸಿಯಲಿಲ್ಲ.

ವಾಪಸು ಹೋದಾಗ ಕೋಳಿಗಳಿರಲಿಲ್ಲ.
ಯಾರದೋ ಸಿಲಿಂಡರ್ ಕಳುವಾಗಿತ್ತು.
ಉಮ್ಮನಿಗೆ ಹತ್ತಿದ ಕೆಮ್ಮು
ಕೊನೆಯವರೆಗೂ ಬಿಡಲಿಲ್ಲ.
ಊರು ಅವಳಿಗೆ ಗುಡ್ಡದವ್ವ ಎಂದು ಹೆಸರಿಟ್ಟು ನಕ್ಕಿತು.
ಮುಂದಿನ ಸಲ ಹದಿನಾಲ್ಕು ಮತಕ್ಕೆ ಸೋತಳು.
ಆ ಹದಿನಾಲ್ಕರಲ್ಲಿ ಒಂದು...
ಬಿಡಿ, ಮತ ಗುಪ್ತ.

ಅವತ್ತು ನಿಮ್ಮ ಲೆಕ್ಕ ತಪ್ಪಿತಲ್ಲ, ಕೇಳಿಯೇಬಿಟ್ಟೆ.
ತಟ್ಟೆಯಿಂದ ಒಂದು ಹಿಡಿ ಎತ್ತಿ
ಬೆರಳ ಸಂದಿನಿಂದ ಸುರಿಯುತ್ತ ನಿಂತಳು.
"ತಪ್ಪಿರಬಹುದು.
ಗುಡ್ಡಕ್ಕೆ ಕೊಳವೆ ಚುಚ್ಚಿ ನೋಡಲಾಗುವುದಿಲ್ಲ ಹಂಸಣ್ಣ.
ನೀರು ನಿಂತ ಮೇಲೂ ಇಪ್ಪತ್ತು ನಿಮಿಷ ಕಾದೆ,
ಯಾರಾದರೂ ನಕ್ಕಾರು ಎಂದು.
ನನಗೆ ನಿದ್ದೆಗೆಡಿಸುವುದು ಆ ಇಪ್ಪತ್ತು ನಿಮಿಷ.
ನಿಮ್ಮ ಉಮ್ಮನ ವಿಷಯ..."
ಅಲ್ಲಿಗೆ ನಿಲ್ಲಿಸಿದಳು.
ಕ್ಷಮೆ ಕೇಳಲಿಲ್ಲ.
ಚುನಾವಣೆಗೆ ಎಂಟು ದಿನವಿರುವಾಗ ಕೇಳಿದ್ದರೆ
ನಾನೂ ನಂಬುತ್ತಿರಲಿಲ್ಲ.

ಆನೆಗೇನು ಮಾಡುತ್ತೀರಿ, ಎಂದೆ.
"ಗೊತ್ತಿಲ್ಲ. ಯಾರನ್ನು ಕೇಳಬೇಕು ಅಂತ ಮಾತ್ರ ಗೊತ್ತು."
ಹೊರಟಳು. ಗೇಟಿನವರೆಗೆ ಹೋದವಳು ತಿರುಗಿ ಬಂದು
ಮರೆತಿದ್ದ ಚೀಟಿಯನ್ನು ಕೈಗಿಟ್ಟಳು.

ನಾನೂ ಒಂದು ವರ್ಷ ತಪ್ಪಿದ್ದೆ.
ಹಸಿಯನ್ನು ಒಣ ಎಂದೆ, ನಲವತ್ತು ಮೂಟೆ ಬೂಸ್ಟು ಹಿಡಿಯಿತು.
ಅದೇ ರಾತ್ರಿ ಸಾಹುಕಾರರ ಮನೆಗೆ ಹೋಗಿ ನಾನೇ ಹೇಳಿದೆ.
ಮರುದಿನವೂ ಕೊಳವೆ ನನ್ನ ಕೈಯಲ್ಲೇ ಇತ್ತು.
ಯಾಕೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.
ನಿನ್ನೆಯವರೆಗೆ ಅದು ನೆನಪಾಗಿರಲೂ ಇಲ್ಲ.

ನಮ್ಮ ಮನೆ ಈಗಲೂ ಮೇಲಿನ ಕಾಲನಿಯಲ್ಲೇ,
ಅದೇ ಗುಡ್ಡದ ಕೆಳಗೆ.
ಮಳೆಗಾಲದಲ್ಲಿ ಮಲಗುವ ಮುಂಚೆ ದೀಪ ಆರಿಸಿ,
ಫ್ಯಾನೂ ಆರಿಸಿ,
ತೋಡು ಹರಿಯುತ್ತಿದೆಯೇ ಎಂದು ಕಿವಿಗೊಡುತ್ತೇನೆ.
ಆ ವರ್ಷದಿಂದ ಒಂದು ರಾತ್ರಿಯೂ ತಪ್ಪಿಸಿಲ್ಲ.
ಅವರು ಕಲಿಸಿದ್ದು ಅದು.
ಇಲ್ಲಿಯವರೆಗೆ ಯಾರ ಹತ್ತಿರವೂ ಹೇಳಿಲ್ಲ.