ರುಬ್ಬೋಕೆ, ಅಂದೆ

ಕಟ್ಟಿನಕೆರೆ ಮಾರ್ಕೆಟ್ಟಿನ ಹೂವಿನ ಸಾಲಲ್ಲಿ
ದ್ಯಾವೀರಮ್ಮನ ಒದ್ದೆ ಗೋಣಿತಾಟಿನ ಮೇಲೆ
ಸೇವಂತಿಗೆಯ ಪಕ್ಕ, ಮರುಗದ ಮಗ್ಗುಲಲ್ಲಿ
ಕಾಮಕಸ್ತೂರಿ.
ಎಂಟು ಕಟ್ಟು ಕೊಡಮ್ಮ, ಅಂದೆ.
'ದ್ಯಾವರಿಗೋ, ಹೆಂಡ್ತಿ ತುರುಬಿಗೋ?'
ರುಬ್ಬೋಕೆ, ಅಂದೆ.
ಅವಳ ಕೈಯ ಬಾಳೆನಾರು ಅರ್ಧ ಗಂಟಲ್ಲೇ ನಿಂತಿತು.
'ಅಯ್ ಶಿವನೆ, ಮುಡಿಯೋದನ್ನ ತಿಂತೀಯೇನಪ್ಪ!'
ಆದರೂ ಒಂಬತ್ತು ಕೊಟ್ಟಳು,
ಒಂದು ಕೊಸರು.

ಬೇಕರಿಯಲ್ಲಿ ಇಪ್ಪತ್ತೆರಡು ವರ್ಷ ಹಿಟ್ಟು ನಾದಿದ ಕೈ ನನ್ನದು.
ಖಾರಾ ಬನ್ನಿಗೆ ಹಸಿಮೆಣಸು, ಸಬ್ಬಸಿಗೆ, ಈರುಳ್ಳಿ ಬಿಟ್ಟು
ಬೇರೇನೂ ಬೀಳಬಾರದು ಅಂತ ಯಾವ ಶಾಸನದಲ್ಲಿದೆ?
ಕೇಳಿದ್ದಕ್ಕೆ ಯಜಮಾನರು ಕನ್ನಡಕ ಒರೆಸಿದರು.
ದಿನಾ ಸಂಜೆ ಬೆಣ್ಣೆ ಬಿಸ್ಕತ್ತಿಗೆ ಬರುವ ಕಾಲೇಜು ಹುಡುಗಿ ನೌಶೀನ್
ಬಿಲ್ಲಿನ ಬೆನ್ನ ಮೇಲೆ ಬರೆದುಕೊಟ್ಟಿದ್ದಳು:
ಪೆಸ್ಟೊ.
ಎಲೆ, ಬೆಳ್ಳುಳ್ಳಿ, ಎಣ್ಣೆ, ಚೀಸು, ಯಾವುದೋ ಬೀಜ.
ಆ ಬೀಜದ ಹೆಸರು ಹೇಳಿದರೆ ಹಾಸನದ ದಿನಸಿ ಅಂಗಡಿಯವರು
ಔಷಧಿ ಅಂಗಡಿ ಕಡೆ ಕೈ ತೋರಿಸಿದರು.
ಕಡಲೆಕಾಯಿ ಬೀಜ ಹುರಿದೆ.

ಮೊದಲ ಸಲ ಮಿಕ್ಸಿಗೆ ಹಾಕಿದ್ದೆ.
ಬ್ಲೇಡು ಬಿಸಿಯಾಗಿ, ಎಲೆ ಕಪ್ಪಿಟ್ಟು
ಜಾರಿನ ತಳದಲ್ಲಿ ಮುಖ ಊದಿಸಿಕೊಂಡು ಕೂತಿತ್ತು.
ದೊಡ್ಡವ್ವ ಇಣುಕಿ ನೋಡಿ ಒಂದೇ ಮಾತು:
'ಸೊಪ್ಪನ್ನ ಹೆದರ್ಸ್‌ಬಿಟ್ಟೆ ಕಣ್ಲಾ.'

ದೊಡ್ಡವ್ವನಿಗೆ ವಾಸನೆ ಹೋಗಿ ಮೂರು ವರ್ಷ.
ಆ ಜ್ವರ ಮಿಕ್ಕಿದ್ದೆಲ್ಲ ವಾಪಸು ಕೊಟ್ಟು
ಅದೊಂದನ್ನು ಇಟ್ಟುಕೊಂಡಿತು.
ಸಾರಿನ ಹಬೆಗೇ ಮೂಗು ಕೊಟ್ಟು
'ಧನಿಯ ಹಳೇದು' ಅಂತ ಅಡುಗೆಭಟ್ಟರನ್ನು ಬೆವರಿಸುತ್ತಿದ್ದವಳು
ಈಗ ಉಪ್ಪು, ಹುಳಿ, ಖಾರ, ಇಷ್ಟೇ ಅಂತ
ಲೆಕ್ಕ ಬರೆದ ಹಾಗೆ ಉಣ್ಣುತ್ತಾಳೆ.

ಇವತ್ತು ಹಿತ್ತಿಲ ಒರಳು ತೊಳೆದೆ.
ಅವಳು ಮಣೆ ಹಾಕಿಕೊಂಡು ಗೋಡೆಗೊರಗಿ ಕಣ್ಣು ಮುಚ್ಚಿದಳು.
ನಿದ್ದೆ ಅಂದುಕೊಂಡೆ.
ಬೆಳ್ಳುಳ್ಳಿ, ಕಲ್ಲುಪ್ಪು. ಗುಂಡು ಗರಗರ ತಕರಾರು ತೆಗೆಯಿತು.
'ಉಪ್ಪು ಇನ್ನೂ ಒಡದಿಲ್ಲ. ತಡಿ.'
ತಡೆದೆ.
ಬೀಜ ಬಿತ್ತು, ಸದ್ದು ದಪ್ಪವಾಯಿತು.
'ಈಗ ಸೊಪ್ಪು. ಹಿಡಿಹಿಡಿಯಾಗಿ.
ಗುಂಡು ಓಡಿಸ್ಬೇಡ, ಒತ್ತಿ ತಿರುಗ್ಸು.'
ಎಲೆ ಒಡೆದ ಗಳಿಗೆ
ತಲೆಯೊಳಗೇ ಯಾರೋ ಮದುವೆಮನೆಯ ಬಾಗಿಲು ತೆರೆದ ಹಾಗೆ
ಯಾರದೋ ಜಡೆ, ಯಾರದೋ ದಿಂಡು, ಎಲ್ಲೋ ಒಂದು ಲವಂಗ
ಹೇಳಬೇಕೆಂದು ಬಾಯಿ ತೆರೆದವನು
ಮುಚ್ಚಿಕೊಂಡೆ.
ಅವಳು ಕಿವಿಯನ್ನು ಕಲ್ಲಿನ ಕಡೆ ಬಾಗಿಸಿದ್ದಳು.
'ಕೆಸರಲ್ಲಿ ಎಮ್ಮೆ ನಡದಂಗೈತೆ ನೋಡು.
ಎಣ್ಣೆ ಬಿಡು ಈಗ.'

ಹುಚ್ಚೆಳ್ಳೆಣ್ಣೆ, ಹನಿ ಹನಿ.
ಸದ್ದು ಇಳಿಯಿತು, ಇಳಿಯಿತು,
ಕೊನೆಗೆ ಬರೀ ಉಸಿರು.
'ಸಾಕು' ಅಂದಳು, ಕಣ್ಣು ತೆರೆಯದೆ.
ಚೀಸು ತುರಿದು ಕಲಸಿದ್ದು ಅವಳಿಗೆ ಹೇಳಲಿಲ್ಲ.

ಒತ್ತುಶಾವಿಗೆ, ಆಗಷ್ಟೇ ಒರಳಿಂದ ಇಳಿದದ್ದು.
ಕಾಯಿಹಾಲು ಬೆಲ್ಲ ಬಿಟ್ಟು ಬೇರೆ ನೆಂಟರನ್ನು ಕಾಣದ ಎಳೆಗಳು
ಹಸಿರು ಕಂಡು ಮೊದಲು ಸಂಕೋಚಪಟ್ಟವು.
ಬಿಸಿನೀರು ಅರ್ಧ ಸೌಟು ಬಿಟ್ಟು ಮಗುಚಿದ ಮೇಲೆ
ಹೊಸ ಬೀಗರ ಹಾಗೆ
ಸ್ವಲ್ಪ ಅಂಟಿಕೊಂಡು, ಸ್ವಲ್ಪ ಬಿಟ್ಟುಕೊಂಡು.

ದೊಡ್ಡವ್ವ ಒಂದು ತುತ್ತು ನಿಧಾನ ಅಗಿದಳು.
'ನುಣ್ಣಗೆ ಮಾಡಿಲ್ಲ, ಒಳ್ಳೇದು ಮಾಡ್ದೆ. ಹಲ್ಲಿಗೆ ಸಿಕ್ಕಬೇಕು.'
ಮತ್ತೊಂದು ತುತ್ತು.
'ನಾವು ಮುಡೀತಿದ್ವಲ್ಲ, ಅದೇ ವಾಸನೆನಾ?'
ಅದೇ ದೊಡ್ಡವ್ವ. ಬೆಳ್ಳುಳ್ಳಿ ಜೊತೆ.
'ಜಡೆಗೆ ಬೆಳ್ಳುಳ್ಳಿ!'
ನಕ್ಕಳು ನಕ್ಕಳು, ಬಿಕ್ಕಳಿಕೆ ಹತ್ತಿ
ನೀರು ಕುಡಿಸಬೇಕಾಯಿತು.

ಉಳಿದದ್ದನ್ನು ಡಬ್ಬಿಗೆ ಬಳಿದು ಮೇಲೆ ಎಣ್ಣೆ ತೇಲಿಸಿದ್ದೇನೆ.
ಬೆಳಿಗ್ಗೆ ನಾಲ್ಕಕ್ಕೆ ಭಟ್ಟಿ ಹೊತ್ತಬೇಕು.
ಯಜಮಾನರು ಒಪ್ಪಿದರೆ ಬನ್ನಿಗೆ,
ಇಲ್ಲದಿದ್ದರೆ ನಮ್ಮನೆ ಬಿಸಿಮುದ್ದೆಗೆ.