ಯಾವ ಕಡೆ ಮೇಲೆ

ಭಾಯಖಳಾದ ಸೇತುವೆ ಪಕ್ಕ ನನ್ನ ಫ್ರೇಮಿನ ಅಂಗಡಿ.
ಲೋಕಲ್ಲು ಹೋದಾಗೆಲ್ಲ
ಒರಗಿಸಿಟ್ಟ ಗಾಜುಗಳು ಹಲ್ಲು ಕಡಿಯುತ್ತವೆ.
ಗಣಪತಿ, ಮಕ್ಕಾ, ಪದವಿಯ ಟೊಪ್ಪಿಗೆ ಹಾಕಿದ ಹುಡುಗಿಯರು,
ತೀರಿಹೋದ ಮಾವಂದಿರು,
ಇವರ ತಲೆ ಯಾವುದು ಕಾಲು ಯಾವುದು ಎಂದು
ನಾನು ಯಾರನ್ನೂ ಕೇಳಬೇಕಾಗಿ ಬಂದಿಲ್ಲ.

ಇವತ್ತೊಂದು ಹಾಳೆ ಬಂದಿದೆ.
ತನಾಜ್ ಎಂಬಾಕೆ ಬರೆದದ್ದು. ಬರೀ ಮಸಿ.
ಸಹಿಯಿಲ್ಲ, ಬಾಣದ ಗುರುತಿಲ್ಲ.
ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಫೋನ್ ನಂಬರು,
ಅದನ್ನೂ ಓರೆಯಾಗಿ ಬರೆದಿದ್ದಾಳೆ.
ಮಾಡಿದೆ. ಎತ್ತಲಿಲ್ಲ.
ಕೊಕ್ಕೆ ಎಲ್ಲಿ ಹೊಡೆಯಲಿ?

ಹೀಗೆ ಹಿಡಿದರೆ
ದಪ್ಪ ಕಪ್ಪು ಮೇಲೆ ಕೂತು
ಸಣ್ಣ ಗೆರೆಗಳ ಕತ್ತು ಅದುಮುತ್ತದೆ.
ತಲೆಕೆಳಗು ಮಾಡಿದರೆ ಅವೇ ಗೆರೆಗಳು
ಕಪ್ಪಿನೊಳಗಿಂದ ಎದ್ದು ಆಕಳಿಸುತ್ತವೆ.
ಅಡ್ಡ ಇಟ್ಟೆ. ಮುಖೀಮ್ ಓಡಿಬಂದ:
ಮೌಸಿ, ಇದು ನಮ್ಮ ಖಾಡಿ!
ಮೊನ್ನೆ ಎಣ್ಣೆ ತೇಲಿತ್ತಲ್ಲ, ಥೇಟ್ ಅದೇ!
ಹದಿನೇಳರ ಹುಡುಗ,
ಅವನಿಗೆ ಎಲ್ಲವೂ ಏನಾದರೊಂದು ಆಗಲೇಬೇಕು.

ನನಗೆ ಕಾಣುವುದು ಇಷ್ಟು:
ಇಲ್ಲಿ ಕೈ ಅವಸರ ಮಾಡಿದೆ.
ಇಲ್ಲಿ ಕುಂಚ ಒಣಗಿ ಕಾಗದವನ್ನು ಕೆರೆದಿದೆ.
ಇಲ್ಲಿ ನಿಂತಿದ್ದಾಳೆ,
ಚಹಾ ಬಂತೋ, ಯಾರಾದರೂ ಬಾಗಿಲು ಬಡಿದರೋ,
ನಿಂತಷ್ಟು ಹೊತ್ತೂ ಹಾಳೆ ಮಸಿ ಕುಡಿದು
ದೋಸೆಯ ಅಂಚಿನ ಹಾಗೆ ಎದ್ದಿದೆ.

ಮತ್ತೆ ಬಲಮೂಲೆಯಲ್ಲಿ
(ಬಲ ಎಂದರೆ ಈಗ ನಾನು ಹಿಡಿದ ಹಾಗೆ)
ಒಂದು ಹೆಬ್ಬೆಟ್ಟು.
ಒತ್ತಿದ್ದಲ್ಲ, ಒತ್ತಿಹೋದದ್ದು.

ನಮ್ಮಪ್ಪ ಮಾಝಗಾಂವ್ ಗೋದಿಯಲ್ಲಿ
ಹಡಗಿನ ಹೊಟ್ಟೆಗೆ ಡಾಂಬರು ಬಳಿಯುತ್ತಿದ್ದ.
ಶನಿವಾರ ಬಟವಾಡೆ. ವಹಿಯಲ್ಲಿ ಹೆಸರಿನ ಮುಂದೆ ಹೆಬ್ಬೆಟ್ಟು.
ಗುಮಾಸ್ತ ಅವನಿಗೆ ಮಾತ್ರ ಪ್ಯಾಡು ಚಾಚುತ್ತಿರಲಿಲ್ಲ:
ನಿನಗ್ಯಾಕೋ ಮಸಿ, ಹಾಗೇ ಒತ್ತು.
ಅಪ್ಪ ಇದನ್ನು ಮನೆಗೆ ಬಂದು
ನಗುನಗುತ್ತಾ ಹೇಳುತ್ತಿದ್ದ,
ಅವ್ವ ನಗುತ್ತಿರಲಿಲ್ಲ.

ಗ್ಯಾಲರಿಯ ಹುಡುಗ ಎರಡು ಸಲ ಹೇಳಿ ಹೋಗಿದ್ದಾನೆ:
ರಟ್ಟು ಮೂರಿಂಚು ಬರಲಿ, ದಾಗ್ ಕಾಣಬಾರದು.
ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡೆ:
ಕಲೆ ಕಾಣಬಾರದು.
ನಗು ಬಂತು. ಯಾರಿಗೆ ಹೇಳಲಿ?
ಮುಖೀಮ್ ಗಾಜು ಒರೆಸುತ್ತಿದ್ದ,
ಅವನ ಊರು ಆಜಮ್‌ಗಢ.

ಚಾಕು ಇಟ್ಟೆ. ಎರಡೂಮುಕ್ಕಾಲು.
ಹೆಬ್ಬೆಟ್ಟಿನ ನಾಲ್ಕು ಸುಳಿಗೆರೆ
ರಟ್ಟಿನ ಕಿಟಕಿಯಿಂದ ಇಣುಕಿದವು.
ಉಳಿದದ್ದು ಅವಳದ್ದು, ಒಳಗೇ ಇರಲಿ.

ಕೊಕ್ಕೆ ನಾಲ್ಕೂ ಕಡೆ ಹೊಡೆದು
ಬಿಲ್ಲಿನಲ್ಲಿ ಒಂದಕ್ಕೇ ದುಡ್ಡು ಬರೆದೆ.

ಕದ ಎಳೆಯುವ ಹೊತ್ತಿಗೆ ಫೋನು.
ಹೆಂಗಸಿನ ದನಿ, ನಾನು ತನಾಜ್ ಎಂದಿತು,
ಆಮೇಲೆ ಏನೋ ಉದ್ದಕ್ಕೆ ಹೇಳಿತು.
ಕಸಾರಾ ಫಾಸ್ಟ್ ತಲೆಯ ಮೇಲೇ ಹಾದಂತೆ ಹೋಗುತ್ತಿತ್ತು,
ಗಾಜುಗಳೆಲ್ಲ ಒಟ್ಟಿಗೆ ಹಲ್ಲು ಕಡಿದವು.
ಹೂಂ ಅಂದೆ.